ಓದುಗರ ಪ್ರಶ್ನೆ: ಪಂಚಾಯಿತಿ ಚುನಾವಣೆ ಮುಂದಕ್ಕೆ ಹಾಕುವ ಅಧಿಕಾರ ಯಾರಿಗಿದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಅವಧಿ ಮುಗಿದರೂ ಚುನಾವಣೆ ಇಲ್ಲ, ಆಡಳಿತಾಧಿಕಾರಿ ಬಂದು ಕೂತಿದ್ದಾರೆ, ಇದಕ್ಕೆ ಕಾನೂನಿನ ಬೆಂಬಲ ಇದೆಯೇ ಎಂಬ ಪ್ರಶ್ನೆ. ಒಂದೇ ತರಹದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಅವಧಿ ಮುಗಿದ ಮೇಲೂ ಸರ್ಕಾರಕ್ಕೆ ಆರು ತಿಂಗಳ ಕಾಲಾವಕಾಶ ಇದೆ, ಅಷ್ಟರೊಳಗೆ ಚುನಾವಣೆ ಮಾಡಿದರೆ ಸಾಕು ಎಂದು ತಾಲ್ಲೂಕು ಕಚೇರಿಯಲ್ಲಿ ಹೇಳುತ್ತಾರೆ. ನಿಜವೇ? (ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ, ಹಾವೇರಿ ಜಿಲ್ಲೆ)

ನಿಜವಲ್ಲ. ಆದರೆ ಈ ಆರು ತಿಂಗಳ ಮಾತು ಎಲ್ಲಿಂದ ಬಂತು ಎಂಬುದು ಗೊತ್ತಿದ್ದರೆ ಕಚೇರಿಯಲ್ಲಿ ವಾದಿಸಲು ಅನುಕೂಲ.

ಸಂವಿಧಾನದ 243-ಇ ವಿಧಿ ಪಂಚಾಯಿತಿಗಳಿಗೆ, 243-ಯು ವಿಧಿ ನಗರ ಸ್ಥಳೀಯ ಸಂಸ್ಥೆಗಳಿಗೆ. ಎರಡರ ಮಾತೂ ಒಂದೇ: ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಹೊಸ ಸಂಸ್ಥೆಯ ಚುನಾವಣೆ ಆ ಐದು ವರ್ಷ ತುಂಬುವ ಮೊದಲೇ ‘ಪೂರ್ಣಗೊಂಡಿರಬೇಕು’. ಶುರುವಾಗಿದ್ದರೆ ಸಾಲದು.

ಆರು ತಿಂಗಳು ಎಂಬುದು ಬೇರೆ ಸಂದರ್ಭಕ್ಕೆ. ಅವಧಿಗೆ ಮೊದಲೇ ಸರ್ಕಾರ ಸಂಸ್ಥೆಯನ್ನು ವಿಸರ್ಜಿಸಿದರೆ, ವಿಸರ್ಜನೆಯ ದಿನದಿಂದ ಆರು ತಿಂಗಳೊಳಗೆ ಚುನಾವಣೆ ಮುಗಿಯಬೇಕು. ಹಾಗೆ ಗೆದ್ದು ಬಂದವರಿಗೆ ಸಿಗುವುದು ಹೊಸ ಐದು ವರ್ಷವಲ್ಲ, ಹಳೆಯ ಅವಧಿಯಲ್ಲಿ ಉಳಿದಷ್ಟು ಮಾತ್ರ. ಉಳಿದದ್ದೇ ಆರು ತಿಂಗಳಿಗಿಂತ ಕಡಿಮೆ ಇದ್ದರೆ ಆ ಚೂರು ಅವಧಿಗೆಂದು ಚುನಾವಣೆ ಬೇಕಿಲ್ಲ. ಸಹಜವಾಗಿ ಅವಧಿ ಮುಗಿದಾಗ ಈ ಆರು ತಿಂಗಳು ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಲೋಕಸಭೆಯ ಅವಧಿಯನ್ನು ತುರ್ತುಪರಿಸ್ಥಿತಿ ಜಾರಿಯಲ್ಲಿದ್ದಾಗ ಸಂಸತ್ತು ಒಂದು ಸಲಕ್ಕೆ ಒಂದು ವರ್ಷದಂತೆ ವಿಸ್ತರಿಸಬಹುದು. 83ನೇ ವಿಧಿಯಲ್ಲಿ ಅದಕ್ಕೆ ಅವಕಾಶವಿದೆ, 1976ರಲ್ಲಿ ಅದನ್ನು ಬಳಸಿದ್ದೂ ಉಂಟು. ವಿಧಾನಸಭೆಗೆ 172ನೇ ವಿಧಿಯಲ್ಲಿ ಇಂಥದೇ ಅವಕಾಶವಿದೆ. ಪಂಚಾಯಿತಿಯ 243-ಇ ವಿಧಿಯಲ್ಲಿ ಆ ಬಾಗಿಲೇ ಇಲ್ಲ. ದೆಹಲಿಯ ಸಂಸತ್ತಿಗಿಂತ ನಿಮ್ಮೂರ ಪಂಚಾಯಿತಿಯ ಗಡುವು ಬಿಗಿ, ಕಾಗದದ ಮೇಲಂತೂ.

ಪ್ರಶ್ನೆ: ಐದು ವರ್ಷವನ್ನು ಫಲಿತಾಂಶದ ದಿನದಿಂದ ಎಣಿಸಬೇಕೇ, ಪ್ರಮಾಣವಚನದಿಂದಲೇ? (ಚಿಕ್ಕಮಗಳೂರು)

ಎರಡೂ ಅಲ್ಲ, ಮೊದಲ ಸಭೆಯಿಂದ. ಬೆಂಗಳೂರು ಮಹಾನಗರ ಪಾಲಿಕೆಯ ಉದಾಹರಣೆ ನೋಡಿ. ಮತದಾನ ನಡೆದದ್ದು 2015ರ ಆಗಸ್ಟ್ 22ರಂದು. ಮೇಯರ್ ಆಯ್ಕೆಯ ಮೊದಲ ಸಭೆ ಸೆಪ್ಟೆಂಬರ್ 11ರಂದು. ಹಾಗಾಗಿ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ.

ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆಗೆ ಕರೆದ ಸಭೆಯೇ ಮೊದಲ ಸಭೆ. ಅದರ ದಿನಾಂಕ ನಡಾವಳಿ ಪುಸ್ತಕದ ಆರಂಭದಲ್ಲೇ ಸಿಗುತ್ತದೆ. ಒಂದೇ ದಿನ ಮತದಾನ ನಡೆದ ಎರಡು ಅಕ್ಕಪಕ್ಕದ ಪಂಚಾಯಿತಿಗಳ ಅವಧಿ ಬೇರೆ ಬೇರೆ ದಿನ ಮುಗಿಯುವುದು ಇದೇ ಕಾರಣಕ್ಕೆ. ‘ಪಕ್ಕದೂರಿನದು ಮುಗಿದಿದೆ, ನಿಮ್ಮದೂ ಮುಗಿದಿರಬೇಕು’ ಎಂಬ ಮಾತಿಗೆ ಕಿವಿಗೊಡದೆ ಆ ಪುಟದ ದೃಢೀಕೃತ ನಕಲು ತೆಗೆದುಕೊಳ್ಳಿ. ಮುಂದೆ ಕೋರ್ಟಿಗೆ ಹೋದರೆ ವಾದ ಶುರುವಾಗುವುದೇ ಆ ದಿನಾಂಕದಿಂದ.

ಪ್ರಶ್ನೆ: ಹಾಗಿದ್ದರೆ ಕೋವಿಡ್ ಸಮಯದಲ್ಲಿ ಮುಂದೂಡಿದ್ದು ಹೇಗೆ? ಆ ಅಧಿಕಾರ ಸರ್ಕಾರದ್ದೇ, ಆಯೋಗದ್ದೇ? (ಕಾನೂನು ವಿದ್ಯಾರ್ಥಿ, ಧಾರವಾಡ)

ಚುನಾವಣೆಯ ಮೇಲ್ವಿಚಾರಣೆ, ನಿರ್ದೇಶನ, ನಿಯಂತ್ರಣ ಎಲ್ಲವನ್ನೂ 243-ಕೆ ಮತ್ತು 243-ಜಡ್‌ಎ ವಿಧಿಗಳು ರಾಜ್ಯ ಚುನಾವಣಾ ಆಯೋಗಕ್ಕೆ ಕೊಟ್ಟಿವೆ. ಲೋಕಸಭೆ, ವಿಧಾನಸಭೆ ನಡೆಸುವ ಭಾರತ ಚುನಾವಣಾ ಆಯೋಗವೇ ಬೇರೆ, ಇದೇ ಬೇರೆ. ಹಾಗಾಗಿ ಪರಿಸ್ಥಿತಿ ಕೈಮೀರಿದಾಗ ದಿನಾಂಕ ಬದಲಿಸಬೇಕಾದದ್ದೂ ಈ ಆಯೋಗವೇ. ಮಂತ್ರಿಗಳಿಗಾಗಲಿ ಜಿಲ್ಲಾಧಿಕಾರಿಗಾಗಲಿ ಆ ಅಧಿಕಾರವಿಲ್ಲ.

ಆಯೋಗಕ್ಕಾದರೂ ಎಷ್ಟು ಸ್ವಾತಂತ್ರ್ಯವಿದೆ? ಅಹಮದಾಬಾದ್ ಪಾಲಿಕೆಯ ಚುನಾವಣೆ ತಡವಾದಾಗ ಹುಟ್ಟಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2006ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಅವಧಿ ಮುಗಿಯುವ ಮೊದಲು ಚುನಾವಣೆ ಮುಗಿಸುವುದು ಆಯೋಗದ ಕರ್ತವ್ಯ. ನೈಸರ್ಗಿಕ ವಿಕೋಪ, ದಂಗೆ, ಕಾನೂನು ಸುವ್ಯವಸ್ಥೆ ಕುಸಿದುಬೀಳುವಂಥ ಅಸಾಧಾರಣ ಸ್ಥಿತಿಯಲ್ಲಿ ಮಾತ್ರ ತಡಕ್ಕೆ ವಿನಾಯಿತಿ. ವಾರ್ಡ್ ವಿಂಗಡಣೆ ಆಗಿಲ್ಲ, ಮತದಾರರ ಪಟ್ಟಿ ಸಿದ್ಧವಿಲ್ಲ ಎಂಬುವು ಆ ಸಾಲಿಗೆ ಸೇರುವುದಿಲ್ಲ. ಸರ್ಕಾರ ಸಹಕರಿಸದಿದ್ದರೆ ಆಯೋಗವೇ ಹೈಕೋರ್ಟಿಗೆ ಹೋಗಬೇಕು ಎಂದೂ ಆ ತೀರ್ಪು ಹೇಳಿದೆ.

ಕರ್ನಾಟಕದಲ್ಲಿ 2020ರ ಮೇ ತಿಂಗಳಲ್ಲಿ ಕೋವಿಡ್ ಕಾರಣಕ್ಕೆ ಗ್ರಾಮ ಪಂಚಾಯಿತಿ ಚುನಾವಣೆಯನ್ನು ಮುಂದೂಡಿದ್ದು ಆಯೋಗ. ತಿಂಗಳುಗಳು ಉರುಳಿದರೂ ವೇಳಾಪಟ್ಟಿ ಬರದೆ ವಿಷಯ ಹೈಕೋರ್ಟಿಗೆ ಹೋಯಿತು. ಮೂರು ವಾರದೊಳಗೆ ವೇಳಾಪಟ್ಟಿ ಪ್ರಕಟಿಸಿ ಎಂದು ನವೆಂಬರ್‌ನಲ್ಲಿ ಆದೇಶವಾಯಿತು. ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ಮತದಾನ ನಡೆಯಿತು.

ಆಂಧ್ರದ ಪ್ರಕರಣ ಇನ್ನೂ ಸ್ವಾರಸ್ಯದ್ದು. ಅಲ್ಲಿ 2020ರ ಮಾರ್ಚ್ 15ರಂದು ಆಯೋಗ ಆರು ವಾರ ಮುಂದೂಡಿತು, ಸರ್ಕಾರಕ್ಕೆ ಮುಂದೂಡುವುದು ಬೇಡವಾಗಿತ್ತು. ಸುಪ್ರೀಂ ಕೋರ್ಟ್ ಮುಂದೂಡಿಕೆಯಲ್ಲಿ ಕೈ ಹಾಕಲಿಲ್ಲ, ನೀತಿ ಸಂಹಿತೆಯನ್ನು ಮಾತ್ರ ತೆಗೆಯಿರಿ ಎಂದಿತು. ಆಮೇಲೆ ಸರ್ಕಾರ ಸುಗ್ರೀವಾಜ್ಞೆ ತಂದು ಆಯುಕ್ತರ ಅಧಿಕಾರಾವಧಿಯನ್ನೇ ಮೊಟಕು ಮಾಡಿತು. ಹೈಕೋರ್ಟ್ ಅದನ್ನು ಮೇ ತಿಂಗಳಲ್ಲಿ ರದ್ದುಪಡಿಸಿತು. 2021ರ ಜನವರಿಯಲ್ಲಿ ಪಾತ್ರಗಳು ಅದಲುಬದಲು: ಆಯೋಗ ಚುನಾವಣೆ ಘೋಷಿಸಿತು, ಸರ್ಕಾರ ಲಸಿಕೆಯ ಕೆಲಸವಿದೆ ಎಂದು ಬೇಡವೆಂದಿತು. ಆಗಲೂ ಕೊನೆಗೆ ಉಳಿದದ್ದು ಆಯೋಗದ ಮಾತೇ.

ಪ್ರಶ್ನೆ: ಇಷ್ಟೆಲ್ಲ ಬಿಗಿ ಇದ್ದರೂ ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ವರ್ಷಗಟ್ಟಲೆ ಚುನಾವಣೆ ಇಲ್ಲದಿರುವುದು ಹೇಗೆ ಸಾಧ್ಯವಾಯಿತು? (ತುಮಕೂರು, ರಾಯಚೂರು, ಶಿರಸಿಯಿಂದ ಬಂದ ಪತ್ರಗಳು)

ಮುಂದೂಡುತ್ತೇವೆ ಎಂದು ಯಾರೂ ಆದೇಶ ಹೊರಡಿಸುವುದಿಲ್ಲ. ಹೊರಡಿಸಿದರೆ ಕೋರ್ಟಿನಲ್ಲಿ ಒಂದೇ ದಿನಕ್ಕೆ ಬೀಳುತ್ತದೆ. ಬದಲಿಗೆ ಚುನಾವಣೆಗೆ ಮೊದಲು ಆಗಬೇಕಾದ ಕೆಲಸ ಬಾಕಿ ಉಳಿಯುತ್ತದೆ.

ಕೆಲಸದ ಸರಣಿ ಹೀಗಿದೆ: ಕ್ಷೇತ್ರ ವಿಂಗಡಣೆಯ ಕರಡು, ಆಕ್ಷೇಪಣೆ, ಅಂತಿಮ ಅಧಿಸೂಚನೆ. ಆಮೇಲೆ ಕ್ಷೇತ್ರವಾರು ಮೀಸಲಾತಿಯ ಕರಡು, ಮತ್ತೆ ಆಕ್ಷೇಪಣೆ, ಮತ್ತೆ ಅಂತಿಮ. ಆ ಗಡಿಗಳಿಗೆ ಹೊಂದಿಸಿ ಮತದಾರರ ಪಟ್ಟಿ. ಕೊನೆಗೆ ಚುನಾವಣಾ ಅಧಿಸೂಚನೆ. ಮೊದಲಿನ ಒಂದು ಕೊಂಡಿ ಕಳಚಿದರೂ ಮುಂದಿನವು ಅಲ್ಲೇ ನಿಲ್ಲುತ್ತವೆ. ಮತದಾರರ ಪಟ್ಟಿ ಮತ್ತು ಚುನಾವಣೆ ಆಯೋಗದ ಕೈಯಲ್ಲಿವೆ. ಅದಕ್ಕೆ ಮೊದಲಿನವು ಬೇರೆಯವರ ಕೈಯಲ್ಲಿದ್ದರೆ ಆಯೋಗ ಪತ್ರ ಬರೆಯುತ್ತಾ ಕೂರಬೇಕು.

ನಮ್ಮಲ್ಲಿ ಆದದ್ದು ಅದೇ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಮತದಾನ 2016ರ ಫೆಬ್ರುವರಿಯಲ್ಲಿ. ಅವಧಿ ಮುಗಿದದ್ದು 2021ರ ಬೇಸಿಗೆಯಲ್ಲಿ. ಅದೇ ವರ್ಷ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಕೆಲಸವನ್ನು ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಪುನರ್ವಿಂಗಡಣಾ ಆಯೋಗಕ್ಕೆ ಕೊಡಲಾಯಿತು. ಅಲ್ಲಿಯವರೆಗೆ ಮಾಡಿದ್ದ ವಿಂಗಡಣೆ ಬಿದ್ದುಹೋಗಿ ಎಲ್ಲವೂ ಮೊದಲಿನಿಂದ ಶುರು. ಅಧಿಕಾರದಲ್ಲಿದ್ದ ಪಕ್ಷ ಬದಲಾಯಿತು, ಚುನಾವಣೆ ಮಾತ್ರ 2025 ಕಳೆದರೂ ಆಗಲಿಲ್ಲ. ಬೆಂಗಳೂರು ಪಾಲಿಕೆಯ ಕಥೆಯೂ ಬೇರೆಯಲ್ಲ: 198 ವಾರ್ಡ್ 243 ಆಯಿತು, ಆಮೇಲೆ 225 ಆಯಿತು, ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದು ಹೋಳಾಯಿತು. ಚುನಾವಣೆ ಕಾಣದೆ ಐದು ವರ್ಷ, ಅಂದರೆ ಒಂದು ಪೂರ್ತಿ ಅವಧಿ.

ಇದರ ನಡುವೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ಬಂತು. ಇದು ನೆಪವಲ್ಲ, ನಿಜವಾದ ಕಾನೂನಿನ ಅಗತ್ಯ. 2021ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಮೂರು ಷರತ್ತು ಹಾಕಿತು: ರಾಜಕೀಯ ಹಿಂದುಳಿದಿರುವಿಕೆಯನ್ನು ಅಧ್ಯಯನ ಮಾಡಲು ಪ್ರತ್ಯೇಕ ಆಯೋಗ ಇರಬೇಕು, ಸ್ಥಳೀಯ ಸಂಸ್ಥೆವಾರು ಪ್ರಮಾಣ ನಿಗದಿಯಾಗಬೇಕು, ಪರಿಶಿಷ್ಟರದ್ದೂ ಸೇರಿ ಒಟ್ಟು ಮೀಸಲಾತಿ ಶೇ 50 ದಾಟಬಾರದು. ಕರ್ನಾಟಕ 2022ರಲ್ಲಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗ ನೇಮಿಸಿತು, ಅದೇ ಜುಲೈನಲ್ಲಿ ವರದಿ ಬಂತು, ಶೇ 33ರ ಶಿಫಾರಸಾಯಿತು. ಎರಡು ತಿಂಗಳು ಚಿಲ್ಲರೆಯಲ್ಲಿ ಮುಗಿದ ಈ ಕೆಲಸದ ಹೆಸರು ಹೇಳಿಕೊಂಡು ವರ್ಷಗಳನ್ನು ಕಳೆಯಲಾಗದು.

ಷರತ್ತು ಪೂರೈಸದಿದ್ದರೂ ಚುನಾವಣೆ ನಿಲ್ಲಬಾರದು ಎಂಬುದು ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ 2022ರ ಮೇ 10ರಂದು ಬಂದ ಆದೇಶ. ಪರಿಶಿಷ್ಟ ಜಾತಿ, ಪಂಗಡದ ಸ್ಥಾನಗಳನ್ನು ಉಳಿಸಿಕೊಂಡು ಹಿಂದುಳಿದ ವರ್ಗದವನ್ನು ಸಾಮಾನ್ಯವೆಂದು ಅಧಿಸೂಚಿಸಿ ಚುನಾವಣೆ ಮಾಡಿ ಎಂದಿತು ಕೋರ್ಟ್. ವಿಂಗಡಣೆ ಮುಗಿದಿಲ್ಲ ಎಂಬುದನ್ನೂ ಕಾರಣವೆಂದು ಒಪ್ಪಲಿಲ್ಲ. ಯಾವ ಸರ್ಕಾರವೂ ಹಿಂದುಳಿದ ವರ್ಗದ ಸ್ಥಾನಗಳನ್ನು ಕೈಬಿಟ್ಟು ಚುನಾವಣೆಗೆ ಹೋಗಲು ಬಯಸುವುದಿಲ್ಲ. ಆ ರಾಜಕೀಯ ಅಂಜಿಕೆ ಅರ್ಥವಾಗುವಂಥದ್ದೇ. ಆದರೆ ಅದಕ್ಕೆ ಮದ್ದು ವರದಿಯನ್ನು ಬೇಗ ತರಿಸಿಕೊಳ್ಳುವುದು.

ಪ್ರಶ್ನೆ: ಹೊಸ ಜನಗಣತಿ ಬರುವವರೆಗೆ ಕಾಯಲೇಬೇಕಲ್ಲವೇ? (ಬಳ್ಳಾರಿ)

ಬೇಕಿಲ್ಲ. ‘ಜನಸಂಖ್ಯೆ’ ಎಂದರೆ ಅಂಕಿ ಅಂಶ ಪ್ರಕಟವಾಗಿರುವ ಹಿಂದಿನ ಜನಗಣತಿಯದು ಎಂದು 243ನೇ ವಿಧಿಯೇ ಹೇಳುತ್ತದೆ. ಹೊಸ ಅಂಕಿ ಪ್ರಕಟವಾಗುವವರೆಗೆ 2011ರದ್ದೇ ಸಾಕು.

ಪ್ರಶ್ನೆ: ಮತದಾನದ ದಿನವೇ ಹೊಳೆ ಉಕ್ಕಿ ಮತಗಟ್ಟೆಗೆ ದಾರಿ ಇಲ್ಲದಂತಾದರೆ? (ಕೊಡಗು)

ಅದು ಚುನಾವಣೆ ಮುಂದೂಡಿದಂತಲ್ಲ, ಆ ಮತಗಟ್ಟೆಯ ಮತದಾನವನ್ನು ಮಾತ್ರ ಮುಂದೂಡಿದಂತೆ. ಪ್ರವಾಹ, ಗಲಭೆಯಂಥ ಸಂದರ್ಭದಲ್ಲಿ ಮತಗಟ್ಟೆ ಅಧಿಕಾರಿ ಮತದಾನ ನಿಲ್ಲಿಸಿ ಚುನಾವಣಾಧಿಕಾರಿಗೆ ವರದಿ ಮಾಡುತ್ತಾರೆ, ಆಯೋಗದ ಒಪ್ಪಿಗೆಯಿಂದ ಬೇರೆ ದಿನ ಗೊತ್ತಾಗುತ್ತದೆ. ಅದು ಮುಗಿಯುವವರೆಗೆ ಆ ಕ್ಷೇತ್ರದ ಫಲಿತಾಂಶ ಘೋಷಿಸುವಂತಿಲ್ಲ.

ಪ್ರಶ್ನೆ: ನಮ್ಮ ಪುರಸಭೆಗೆ 2018ರಲ್ಲೇ ಆಯ್ಕೆಯಾದೆವು. ಅಧ್ಯಕ್ಷರ ಮೀಸಲಾತಿ ವ್ಯಾಜ್ಯದಿಂದ ಮೊದಲ ಸಭೆ ಆದದ್ದು 2020ರ ಕೊನೆಗೆ. ನಡುವೆ ಮತ್ತೆ ವರ್ಷಕ್ಕೂ ಹೆಚ್ಚು ಕಾಲ ಅಧ್ಯಕ್ಷರಿಲ್ಲದೆ ಆಡಳಿತಾಧಿಕಾರಿ ಇದ್ದರು. ಕಳೆದುಹೋದ ದಿನಗಳನ್ನು ಅವಧಿಗೆ ಸೇರಿಸಿ ಕೊಡಬಹುದೇ? (ಪುರಸಭೆ ಸದಸ್ಯರು, ವಿಜಯಪುರ ಜಿಲ್ಲೆ)

ನಿಮ್ಮ ಬೇಸರ ನ್ಯಾಯವಾದದ್ದು, ಆದರೆ ಇದರಲ್ಲಿ ಎರಡು ಭಾಗವಿದೆ. ಆಯ್ಕೆಯಿಂದ ಮೊದಲ ಸಭೆಯವರೆಗಿನ ಕಾಲ ನಿಮಗೆ ನಷ್ಟವಾಗಿಲ್ಲ. ಎಣಿಕೆ ಶುರುವಾದದ್ದೇ ಸಭೆಯಿಂದ. ಅಧ್ಯಕ್ಷರಿಲ್ಲದೆ ಕಳೆದ ಕಾಲದ ಮಾತು ಬೇರೆ. 243-ಯು ವಿಧಿ ಎಣಿಸುವುದು ‘ಪುರಸಭೆ’ಯ ಅವಧಿಯನ್ನು, ಅಧ್ಯಕ್ಷರು ಕುರ್ಚಿಯಲ್ಲಿ ಕೂತ ದಿನಗಳನ್ನಲ್ಲ. ಆ ಕಾಲದಲ್ಲೂ ನೀವು ಸದಸ್ಯರಾಗಿಯೇ ಇದ್ದಿರಿ. ವಿಧಿಯ ಪದಗಳನ್ನು ನೇರವಾಗಿ ಓದಿದರೆ ದಿನ ಸೇರಿಸಲು ಜಾಗವಿಲ್ಲ. ಸೇರಿಸಿದರೆ ಅದು ಮುಂದಿನ ಚುನಾವಣೆಯನ್ನು ಮುಂದೂಡಿದ ಹಾಗೆಯೇ. ಅನ್ಯಾಯ ತಡೆಯಬೇಕಾಗಿದ್ದದ್ದು ಕುರ್ಚಿ ಖಾಲಿ ಇದ್ದಾಗ: ಮೀಸಲಾತಿ ಪಟ್ಟಿಯನ್ನು ಇಂತಿಷ್ಟು ದಿನದಲ್ಲಿ ಪ್ರಕಟಿಸಿ ಎಂಬ ನಿರ್ದೇಶನ ಕೋರಿ ಆಗಲೇ ಹೈಕೋರ್ಟಿಗೆ ಹೋಗಬಹುದಿತ್ತು.

ಪ್ರಶ್ನೆ: ಸಾಮಾನ್ಯ ಮತದಾರರು ಏನು ಮಾಡಬಹುದು? ಹೆಜ್ಜೆ ಹೆಜ್ಜೆಯಾಗಿ ತಿಳಿಸಿ. (ಮಂಡ್ಯ, ಕಾರ್ಕಳ)

ಮೊದಲು ದಾಖಲೆ. ಮೊದಲ ಸಭೆಯ ನಡಾವಳಿಯ ನಕಲು ಇರಲಿ. ನಂತರ ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ ಹಾಕಿ: ಒಂದು ರಾಜ್ಯ ಚುನಾವಣಾ ಆಯೋಗದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ಇನ್ನೊಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ (ಪಟ್ಟಣವಾದರೆ ನಗರಾಭಿವೃದ್ಧಿ ಇಲಾಖೆಗೆ). ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ.

ಹೆಚ್ಚಿನವರು ತಪ್ಪುವುದು ಇಲ್ಲಿ. ‘ಚುನಾವಣೆ ಏಕೆ ಮಾಡಿಲ್ಲ?’ ಎಂದು ಕೇಳುತ್ತಾರೆ. ಕಾರಣ ಕೊಡುವುದು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಒಂದು ಸಾಲಿನ ಹಿಂಬರಹ ಬರುತ್ತದೆ. ಕೇಳಬೇಕಾದದ್ದು ಕಾಗದ: ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ಪಟ್ಟಿ ಕೋರಿ ಆಯೋಗವು ಸರ್ಕಾರಕ್ಕೆ ಬರೆದ ಎಲ್ಲ ಪತ್ರಗಳು ಹಾಗೂ ಬಂದ ಉತ್ತರಗಳ ದೃಢೀಕೃತ ನಕಲು ಕೊಡಿ.’ ಆಯೋಗ ಬರೆದ ಪತ್ರಗಳು ಇದ್ದು ಸರ್ಕಾರದ ಉತ್ತರಗಳು ಇಲ್ಲದಿದ್ದರೆ ತಡ ಯಾರದ್ದೆಂದು ಬೇರೆ ಸಾಕ್ಷಿ ಬೇಕಿಲ್ಲ.

ಎರಡನೆಯದು ಲಿಖಿತ ಮನವಿ. ಆಯೋಗಕ್ಕೂ ಇಲಾಖೆಯ ಪ್ರಧಾನ ಕಾರ್ಯದರ್ಶಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ, ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಇದು ಔಪಚಾರಿಕತೆ ಎನಿಸಬಹುದು. ಆದರೆ ನಿರ್ದೇಶನ ಕೋರಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದಾಗ ‘ಮೊದಲು ಅಧಿಕಾರಿಯನ್ನು ಕೇಳಿದಿರಾ?’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ.

ಮೂರನೆಯದು 226ನೇ ವಿಧಿಯಡಿ ಹೈಕೋರ್ಟ್. ಸರ್ಕಾರ, ಆಯೋಗ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಬರೀ ‘ಚುನಾವಣೆ ನಡೆಸಲು ಆದೇಶಿಸಿ’ ಎಂದು ಬೇಡಿದರೆ ಸಾಲದು. ವಿಂಗಡಣೆ, ಮೀಸಲಾತಿ, ಮತದಾರರ ಪಟ್ಟಿ, ಅಧಿಸೂಚನೆ ಒಂದೊಂದಕ್ಕೂ ಬೇರೆ ಗಡುವು ಕೇಳಿ, ಪಾಲನಾ ವರದಿ ಬರುವವರೆಗೆ ಅರ್ಜಿ ಬಾಕಿ ಇರಲಿ ಎಂದೂ ಕೇಳಿ. ಒಂದೇ ದೊಡ್ಡ ಗಡುವು ಸಿಕ್ಕರೆ ಅದರ ಕೊನೆಯ ವಾರದಲ್ಲಿ ಸರ್ಕಾರ ಇನ್ನಷ್ಟು ಕಾಲಾವಕಾಶ ಕೇಳಿಕೊಂಡು ಬರುತ್ತದೆ. ಆದೇಶ ಪಾಲನೆಯಾಗದಿದ್ದರೆ ನ್ಯಾಯಾಂಗ ನಿಂದನೆಯ ಕ್ರಮಕ್ಕೆ ಒಂದು ವರ್ಷದ ಕಾಲಮಿತಿ ಇದೆ. ‘ನೋಡೋಣ, ಈಗ ಮಾಡಬಹುದು’ ಎಂದು ಕಾಯುತ್ತಾ ಅದನ್ನೂ ಕಳೆದುಕೊಂಡರೆ ಮತ್ತೆ ಮೊದಲಿನಿಂದ ಶುರು.

ಸಮಯದ ಬಗ್ಗೆ ಒಂದು ಎಚ್ಚರಿಕೆ. ಮೀಸಲಾತಿಯಲ್ಲಿ ನಿಮ್ಮ ವಾರ್ಡ್‌ಗೆ ಅನ್ಯಾಯವಾಗಿದೆ ಎನಿಸಿದರೆ ಕರಡು ಹಂತದಲ್ಲೇ, ಅಧಿಸೂಚನೆ ಕೊಟ್ಟ ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಿ. ಚುನಾವಣಾ ಅಧಿಸೂಚನೆ ಹೊರಬಿದ್ದ ಮೇಲೆ, ಚುನಾವಣೆಯ ವಿಷಯದಲ್ಲಿ ಕೋರ್ಟ್ ಕೈ ಹಾಕದಂತೆ ತಡೆಯುವ 243-ಒ ಮತ್ತು 243-ಜಡ್‌ಜಿ ವಿಧಿಗಳು ಅಡ್ಡ ಬರುತ್ತವೆ. ಆಮೇಲೆ ಉಳಿಯುವುದು ಫಲಿತಾಂಶದ ನಂತರದ ಚುನಾವಣಾ ತಕರಾರು ಅರ್ಜಿ ಮಾತ್ರ. ಚುನಾವಣೆ ಬಾಗಿಲಿಗೆ ಬಂದಿರುವಾಗ ತಡೆಯಾಜ್ಞೆ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ, ಉತ್ತರ ಪ್ರದೇಶದ ಅನುಗ್ರಹ ನಾರಾಯಣ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕೋರ್ಟ್ ಚುನಾವಣೆಯನ್ನು ಬೇಗ ಮಾಡಿಸಬಲ್ಲದು, ನಿಲ್ಲಿಸುವುದು ಅಪರೂಪ.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಮಂತ್ರಿಯೊಬ್ಬರು ಕೌನ್ಸಿಲ್ ಚುನಾವಣೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿದರಂತೆ. ಹಾಗೂ ಮಾಡಬಹುದೇ? (ಮೈಸೂರು)

ಅಲ್ಲಿ ಮಾಡಬಹುದು. ಲಿಖಿತ ಸಂವಿಧಾನದ ಗಡುವು ಅಲ್ಲಿಲ್ಲ. 2000ದ ಸ್ಥಳೀಯ ಸರ್ಕಾರ ಕಾಯ್ದೆಯ 87ನೇ ಕಲಮು ಚುನಾವಣೆಯ ವರ್ಷವನ್ನೇ ಆದೇಶದ ಮೂಲಕ ಬದಲಿಸುವ ಅಧಿಕಾರವನ್ನು ಸಚಿವರಿಗೆ ಕೊಡುತ್ತದೆ. 2025ರಲ್ಲಿ ಸರ್ರೆ, ಎಸೆಕ್ಸ್, ನಾರ್ಫೋಕ್ ಸೇರಿ ಒಂಬತ್ತು ಕೌನ್ಸಿಲ್‌ಗಳ ಚುನಾವಣೆಯನ್ನು ಆಡಳಿತ ಪುನಾರಚನೆಯ ಕಾರಣಕ್ಕೆ ಮೇ 2026ಕ್ಕೆ ಹಾಕಿದ್ದು ಹಾಗೆ. ಇಡೀ ದೇಶಕ್ಕೆ ಮುಂದೂಡಬೇಕಾದಾಗ ಅಲ್ಲೂ ಸಂಸತ್ತಿನ ಕಾಯ್ದೆಯೇ ಬೇಕಾಯಿತು: ದನಗಳಿಗೆ ಕಾಲುಬಾಯಿ ಜ್ವರ ಹಬ್ಬಿದ 2001ರಲ್ಲಿ ಮೇ 3ರಿಂದ ಜೂನ್ 7ಕ್ಕೆ, ಕೋವಿಡ್ ಬಂದ 2020ರಲ್ಲಿ ಇಡೀ ಒಂದು ವರ್ಷ. ನಮ್ಮಲ್ಲಿ ಗಡುವು ಸಂವಿಧಾನದಲ್ಲೇ ಇರುವುದರಿಂದ ವಿಧಾನಸಭೆ ಅಂಥ ಕಾಯ್ದೆ ಮಾಡುವಂತಿಲ್ಲ.

ಪ್ರಶ್ನೆ: ಆಡಳಿತಾಧಿಕಾರಿ ಇರುವಾಗ ಗ್ರಾಮಸಭೆ ಬೇಡ ಎನ್ನುತ್ತಾರೆ ನಮ್ಮಲ್ಲಿ. (ಗದಗ ಜಿಲ್ಲೆ)

ತಪ್ಪು. ಗ್ರಾಮಸಭೆ ಎಂದರೆ ಮತದಾರರ ಸಭೆ. ಅದು ಸದಸ್ಯರ ಅವಧಿಯೊಂದಿಗೆ ಮುಗಿಯುವುದಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಕರೆಯಲೇಬೇಕು. ಮನೆ ಹಂಚಿಕೆಯ ಫಲಾನುಭವಿ ಪಟ್ಟಿಯನ್ನು ಗ್ರಾಮಸಭೆಯ ಮುಂದೆ ಇಡದೆ ಅಂತಿಮಗೊಳಿಸಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಹಣಾಧಿಕಾರಿಗೆ ಲಿಖಿತವಾಗಿ ದೂರು ಕೊಡಿ, ಪ್ರತಿಯನ್ನು ಜಿಲ್ಲಾ ಪಂಚಾಯಿತಿ ಸಿಇಒಗೆ ಕಳಿಸಿ. ಜತೆಗೆ ಒಂದು ವಿಷಯ ವಿಚಾರಿಸಿ: 15ನೇ ಹಣಕಾಸು ಆಯೋಗದ ಅನುದಾನ ಚುನಾಯಿತ ಸಂಸ್ಥೆ ಇರುವಲ್ಲಿಗೆ ಎಂಬ ಷರತ್ತು ಇತ್ತು. ಆಡಳಿತಾಧಿಕಾರಿಯ ಅವಧಿಯಲ್ಲಿ ನಿಮ್ಮ ಪಂಚಾಯಿತಿಗೆ ಎಷ್ಟು ಕಂತು ಬಂತು, ಎಷ್ಟು ನಿಂತಿತು ಎಂಬುದು ಪಿಡಿಒ ಬಳಿಯ ಲೆಕ್ಕದಲ್ಲಿ ಸಿಗುತ್ತದೆ. ರಿಟ್ ಅರ್ಜಿಗೆ ಆ ಹಾಳೆಯನ್ನೂ ಲಗತ್ತಿಸಬಹುದು.